ಸಿಂಗ್ ಎಂಬ ಹೆಸರು, ಸ್ಪ್ಯಾನಿಷ್ ಎಂಬ ತಾಯ್ನುಡಿ

ಅಂತರ್ಧರ್ಮೀಯ ವಿವಾಹವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಮದುವೆ ಮಂಟಪದ ಬಾಗಿಲಲ್ಲೇ ನಿಂತುಬಿಡುತ್ತವೆ. ಯಾವ ಶಾಸ್ತ್ರ ಇದನ್ನು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ, ಯಾರು ಯಾರ ಮತಕ್ಕೆ ಸೇರಬೇಕು, ಹುಟ್ಟುವ ಮಕ್ಕಳು ಯಾವ ಮತದವರೆನಿಸಬೇಕು ಎಂಬ ಪ್ರಶ್ನೆಗಳನ್ನು ಮೊದಲೇ ಎತ್ತಿ, ಮೊದಲೇ ಉತ್ತರಿಸಿ ಚರ್ಚೆಯನ್ನು ಮುಗಿಸುತ್ತೇವೆ. ಮದುವೆಯಾದ ಮೇಲೆ ಆ ಮನೆಯೊಳಗೆ ಏನು ನಡೆಯಿತು, ಎರಡು ಮೂರು ತಲೆಮಾರುಗಳು ಕಳೆದ ತರುವಾಯ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ದಾಖಲೆಗಳ ಆಧಾರದಿಂದ ಪರಿಶೀಲಿಸುವುದು ಅಪರೂಪ. ಹಾಗೆ ಪರಿಶೀಲಿಸಲು ಬೇಕಾಗುವಷ್ಟು ಕಾಲದ ಅಂತರವೂ ದಾಖಲೆಯೂ ಎಲ್ಲ ಸಂದರ್ಭಗಳಲ್ಲಿ ದೊರೆಯುವುದಿಲ್ಲವೆಂಬುದೂ ನಿಜ. ಆದರೆ ಒಂದು ಸಂದರ್ಭದಲ್ಲಿ ಅವೆರಡೂ ದೊರೆಯುತ್ತವೆ. ಅದು 20ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಪಂಜಾಬಿ ಗಂಡಸರ ಮತ್ತು ಮೆಕ್ಸಿಕನ್ ಹೆಂಗಸರ ವಿವಾಹಗಳು. ಗಂಡಂದಿರಲ್ಲಿ ಬಹುಪಾಲು ಸಿಖ್ಖರು, ಹೆಂಡಿರಲ್ಲಿ ಬಹುಪಾಲು ಕ್ಯಾಥೊಲಿಕರು.

ಈ ವಿವಾಹಗಳ ಚರಿತ್ರೆಯಿಂದ ನಾನು ಕಂಡುಕೊಂಡ ಒಂದು ಅಭಿಪ್ರಾಯವನ್ನು ಇಲ್ಲಿ ಮಂಡಿಸಬಯಸುತ್ತೇನೆ. ಅಂತರ್ಧರ್ಮೀಯ ವಿವಾಹದಲ್ಲಿ ಮಕ್ಕಳ ಮತವನ್ನು ನಿರ್ಧರಿಸುವುದು ಮದುವೆಯ ವಿಧಿಯಲ್ಲ, ಕಾಗದದ ಮೇಲಿನ ಹೆಸರೂ ಅಲ್ಲ. ಹೆಚ್ಚಾಗಿ ಮನೆಯ ಮಾತು. ಈ ಅಭಿಪ್ರಾಯ ಸರಿಯಾದರೆ, ಇಂದು ಎರಡೂ ಧರ್ಮಗಳ ಮುಖಂಡರು ಮದುವೆಯ ಬಾಗಿಲಿಗೆ ಹಾಕುತ್ತಿರುವ ಕಾವಲಿನ ಒಂದು ದೊಡ್ಡ ಭಾಗ ತಪ್ಪು ಬಾಗಿಲಿಗೆ ಹಾಕಿದ ಕಾವಲು.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 1900ರ ಆಸುಪಾಸಿನಿಂದ 1910ರ ದಶಕದವರೆಗೆ ಪಂಜಾಬಿನ ಜಲಂಧರ್, ಹೋಶಿಯಾರ್‌ಪುರ ಮೊದಲಾದ ಜಿಲ್ಲೆಗಳಿಂದ ಕೆಲವು ಸಾವಿರ ಗಂಡಸರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಹೋದರು. ಹೆಚ್ಚಿನವರು ರೈತ ಕುಟುಂಬಗಳವರು. ಬ್ರಿಟಿಷ್ ಸೈನ್ಯದಲ್ಲೋ ಪೊಲೀಸ್ ಇಲಾಖೆಯಲ್ಲೋ ದುಡಿದವರೂ ಅವರಲ್ಲಿದ್ದರು. ಮರ ಕೊಯ್ಯುವ ಕಾರ್ಖಾನೆ, ರೈಲುಹಾದಿ, ಹಣ್ಣಿನ ತೋಟ ಹೀಗೆ ಕೆಲಸ ಹುಡುಕುತ್ತ ಅವರಲ್ಲಿ ಅನೇಕರು ಮೆಕ್ಸಿಕೊ ಗಡಿಯ ಇಂಪೀರಿಯಲ್ ಕಣಿವೆಗೆ ಬಂದು, ಹತ್ತಿ ಬೆಳೆಯಲು ಭೂಮಿಯನ್ನು ಗೇಣಿಗೆ ಹಿಡಿದರು. 1917ರ ವಲಸೆ ಕಾಯಿದೆ ಏಷ್ಯಾದ ಬಹುಭಾಗದಿಂದ ಜನ ಬರುವುದನ್ನೇ ನಿಷೇಧಿಸಿತು. ಊರಿಗೆ ಹೋದವನು ಮರಳಿ ಬರುವಂತಿಲ್ಲ. ಊರಿನಲ್ಲಿರುವ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ. ಇದೇ ಕಾಲಕ್ಕೆ, 1910ರಲ್ಲಿ ಆರಂಭವಾದ ಮೆಕ್ಸಿಕೊ ಕ್ರಾಂತಿಯ ಗಲಭೆಯಿಂದ ತಪ್ಪಿಸಿಕೊಂಡು ಗಡಿ ದಾಟಿದ ಕುಟುಂಬಗಳು ಅದೇ ಹೊಲಗಳಿಗೆ ಹತ್ತಿ ಬಿಡಿಸಲು ಬಂದವು. 1910ರ ದಶಕದ ನಡುಭಾಗದಿಂದ ಈ ಇಬ್ಬರ ನಡುವೆ ಮದುವೆಗಳು ನಡೆಯತೊಡಗಿದವು. ಒಬ್ಬಳು ಮದುವೆಯಾದರೆ ಅವಳ ತಂಗಿ ಆ ಗಂಡನ ಪಾಲುದಾರನನ್ನು ಮದುವೆಯಾಗುವುದು, ಅಕ್ಕತಂಗಿಯರೆಲ್ಲ ಒಂದೇ ಜಮೀನಿನ ಸುತ್ತ ನೆಲೆಸುವುದು ಸಾಮಾನ್ಯವಾಗಿತ್ತು.

ಈ ಸಮುದಾಯವನ್ನು ಕುರಿತ ಪ್ರಮುಖ ಅಧ್ಯಯನ ಕರೆನ್ ಲಿಯೊನಾರ್ಡ್ ಅವರದು. ಅವರ ಗ್ರಂಥ 1992ರಲ್ಲಿ ಪ್ರಕಟವಾಯಿತು. ಹೈದರಾಬಾದಿನ ಕಾಯಸ್ಥರ ಸಾಮಾಜಿಕ ಚರಿತ್ರೆಯನ್ನು ಬರೆದ ವಿದುಷಿ ಇವರೇ ಆದುದರಿಂದ ದಖ್ಖನಿನ ಇತಿಹಾಸದ ವಿದ್ಯಾರ್ಥಿಗಳಿಗೆ ಇವರ ಹೆಸರು ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1913ರಿಂದ 1949ರವರೆಗಿನ ಅವಧಿಗೆ ಸೇರಿದ, ಭಾರತೀಯ ಗಂಡಸರ 378 ದಾಂಪತ್ಯಗಳನ್ನು ಅವರು ದಾಖಲೆಗಳಿಂದ ಗುರುತಿಸಿದ್ದಾರೆ. ಅವುಗಳಲ್ಲಿ 304 ಹೆಂಡತಿಯರು ಮೆಕ್ಸಿಕನ್ ಅಥವಾ ಸ್ಪ್ಯಾನಿಷ್ ಮಾತಿನ ಮೂಲದವರು. ಭಾರತೀಯ ಹೆಂಡತಿಯರು 9 ಮಂದಿ ಮಾತ್ರ. ಗಂಡಂದಿರಲ್ಲಿ ಸಿಖ್ಖರ ಜೊತೆಗೆ ಪಂಜಾಬಿ ಮುಸ್ಲಿಮರೂ ಕೆಲವು ಹಿಂದೂಗಳೂ ಇದ್ದರು. ಅಮೆರಿಕನ್ನರು ಎಲ್ಲರನ್ನೂ ‘ಹಿಂದೂ’ಗಳೆಂದೇ ಕರೆಯುತ್ತಿದ್ದರು.

ಇಲ್ಲಿ ಒಂದು ಜನಪ್ರಿಯ ವಿವರಣೆಯನ್ನು ತೆಗೆದುಹಾಕುವುದು ಅವಶ್ಯ. ಕ್ಯಾಲಿಫೋರ್ನಿಯಾದ 1913ರ ಮತ್ತು 1920ರ ಭೂ ಕಾಯಿದೆಗಳು ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿಯನ್ನು ಹೊಂದುವುದನ್ನು ನಿರ್ಬಂಧಿಸಿದವು. ಹೀಗಾಗಿ ಭೂಮಿಯನ್ನು ಹೆಂಡತಿಯ ಹೆಸರಿನಲ್ಲಿಡುವ ಉಪಾಯದಿಂದ ಪಂಜಾಬಿಗಳು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು ಎಂಬ ಮಾತು ಅನೇಕ ಬರಹಗಳಲ್ಲಿ ಪುನರುಕ್ತವಾಗಿದೆ. ಕಾಲಾನುಕ್ರಮ ಇದನ್ನು ಸಮರ್ಥಿಸುವುದಿಲ್ಲ. ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಸಿಖ್ ಮಾಜಿ ಸೈನಿಕನ ಮೊಕದ್ದಮೆಯಲ್ಲಿ. ಮದುವೆಗಳು ಅದಕ್ಕಿಂತ ಮೊದಲೇ ಆರಂಭವಾಗಿದ್ದವು. ಅಷ್ಟೇ ಅಲ್ಲ, 1922ರ ಕೇಬಲ್ ಕಾಯಿದೆಯ ಪ್ರಕಾರ, ಪೌರತ್ವಕ್ಕೆ ಅನರ್ಹನಾದ ವಿದೇಶೀಯನನ್ನು ಮದುವೆಯಾದ ಅಮೆರಿಕನ್ ಹೆಣ್ಣು ತಾನೂ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. 1930ರ ದಶಕದ ಆರಂಭದವರೆಗೆ ಈ ನಿಯಮ ಜಾರಿಯಲ್ಲಿತ್ತು. ಭೂಮಿಯ ಆಸೆಯಿಂದ ಕೈಹಿಡಿದ ಹೆಂಡತಿ ಭೂಮಿಯ ಹಕ್ಕನ್ನು ತರುವ ಸ್ಥಿತಿಯಲ್ಲಿಯೇ ಇರಲಿಲ್ಲ. ಮುಂದೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಭೂಮಿಯನ್ನಿಟ್ಟು ತಂದೆ ಪೋಷಕನಾಗಿ ನಿಂತದ್ದುಂಟು. ಅದು ಮದುವೆಯ ಫಲ, ಕಾರಣವಲ್ಲ. ದಾಂಪತ್ಯವನ್ನು ಉಪಾಯವೆಂದು ಓದುವ ಅಭ್ಯಾಸ ಆ ಹೆಂಗಸರನ್ನು ದಾಖಲೆಯಿಂದ ಎರಡನೆಯ ಬಾರಿ ಅಳಿಸುತ್ತದೆ.

ಮದುವೆಗೆ ಅನುಮತಿ ಸಿಕ್ಕ ಬಗೆಯೂ ವಿಚಿತ್ರವಾದುದು. ಬಿಳಿಯರು ಇತರ ವರ್ಣದವರನ್ನು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸಿತ್ತು. ಮೆಕ್ಸಿಕನ್ನರು 1848ರ ಒಪ್ಪಂದದ ನೆರಳಿನಲ್ಲಿ ಕಾನೂನಿನ ಲೆಕ್ಕಕ್ಕೆ ‘ಬಿಳಿಯರು’. ಆದರೆ ಜಿಲ್ಲಾ ಕಚೇರಿಯ ಗುಮಾಸ್ತನ ಕಣ್ಣಿಗೆ ಎದುರಿಗೆ ನಿಂತ ವರನೂ ವಧುವೂ ಕಂದು ಬಣ್ಣದವರು. ಅರ್ಜಿಯ ಅಂಕಣದಲ್ಲಿ ಇಬ್ಬರಿಗೂ ಒಂದೇ ಬಣ್ಣವನ್ನು ಬರೆದು ಪರವಾನಗಿ ಕೊಡಲಾಯಿತು. ಒಪ್ಪದ ಗುಮಾಸ್ತರಿದ್ದಲ್ಲಿ ಜೋಡಿಗಳು ಬೇರೆ ಜಿಲ್ಲೆಗೋ ಬೇರೆ ರಾಜ್ಯಕ್ಕೋ ಹೋದವು. ಅಂದರೆ ಸಿಖ್ ಮತ್ತು ಕ್ಯಾಥೊಲಿಕ್ ಎಂಬ ಎರಡು ಪ್ರಾಚೀನ ಪರಂಪರೆಗಳ ಈ ಸಂಗಮವನ್ನು ಸಾಧ್ಯವಾಗಿಸಿದ್ದು ಗ್ರಂಥಗಳ ಔದಾರ್ಯವಲ್ಲ, ವರ್ಣಭೇದದ ಒಂದು ಅಂಕಣ. ಆ ಕಾನೂನು 1948ರಲ್ಲಿ ಪೆರೆಸ್ ಮೊಕದ್ದಮೆಯಲ್ಲಿ ಬಿದ್ದಾಗ, ಅರ್ಜಿದಾರರ ವಾದ ಧಾರ್ಮಿಕ ಸ್ವಾತಂತ್ರ್ಯದ್ದಾಗಿತ್ತೆಂಬುದು ಸ್ಮರಣೀಯ: ವರನೂ ವಧುವೂ ಕ್ಯಾಥೊಲಿಕರು, ಅವರ ಧರ್ಮಸಭೆಗೆ ಆಕ್ಷೇಪವಿಲ್ಲದಿರುವಾಗ ಸರ್ಕಾರ ಅಡ್ಡಬರಬಾರದು ಎಂಬುದು ಅವರ ನಿಲುವು.

ಇನ್ನು ವಿಧಿಯ ಮಾತು. ಈ ಮದುವೆಗಳಲ್ಲಿ ಬಹುಪಾಲು ನಾಗರಿಕ ವಿವಾಹಗಳು. ಗುರು ಗ್ರಂಥ ಸಾಹಿಬ್‌ನ ಸುತ್ತ ನಾಲ್ಕು ಪ್ರದಕ್ಷಿಣೆಗಳ ಆನಂದ್ ಕಾರಜ್ ಇವಕ್ಕೆ ನಡೆಯಲಿಲ್ಲ. ಪಾದ್ರಿಯ ಸಮ್ಮುಖದಲ್ಲಿ ನಡೆಯದ ಮದುವೆಯನ್ನು ಕ್ಯಾಥೊಲಿಕ್ ಧರ್ಮಶಾಸನ ಸಿಂಧುವೆಂದು ಎಣಿಸುತ್ತಿರಲಿಲ್ಲ. ಎರಡೂ ಧರ್ಮಗಳ ಲೆಕ್ಕದಲ್ಲಿ ಸಲ್ಲದ ಈ ದಾಂಪತ್ಯಗಳು ಮೂರು ನಾಲ್ಕು ದಶಕ ಬಾಳಿದವು. ಎಲ್ಲವೂ ಬಾಳಿದವೆಂದಲ್ಲ. ಹೆಚ್ಚಿನ ಗಂಡಂದಿರು ಹೆಂಡತಿಯರಿಗಿಂತ ಬಹಳ ಹಿರಿಯರು. ಒಲೆಯ ಬುಡದಲ್ಲಿ, ಹಣದ ವಿಷಯದಲ್ಲಿ, ಮನೆಯಲ್ಲೇ ಬಿಡಾರ ಹೂಡಿದ ಗಂಡನ ಗೆಳೆಯರ ವಿಷಯದಲ್ಲಿ ಜಗಳಗಳಾದವು. ವಿಚ್ಛೇದನದ ದಾವೆಗಳು ನ್ಯಾಯಾಲಯದ ಕಡತಗಳಲ್ಲಿವೆ. ಗಮನಿಸಬೇಕಾದ ಸಂಗತಿ, ಈ ಜಗಳಗಳ ಮೂಲ ಮತಭೇದವಾಗಿರಲಿಲ್ಲ ಎಂಬುದು. ಗಂಡ ಹೆಂಡತಿಯರು ಪರಸ್ಪರ ಮತಾಂತರವನ್ನು ಕೇಳಲಿಲ್ಲ. ದೇವರು ಒಬ್ಬನೇ, ಹೆಸರು ಬೇರೆ ಎಂಬ ಸರಳ ತಿಳಿವಳಿಕೆಯಿಂದ ತಂದೆಯರು ಮಕ್ಕಳನ್ನು ತಾಯಿಯ ಇಗರ್ಜಿಗೆ ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟರು ಎಂಬುದಷ್ಟೇ ಅಲ್ಲ, ತಾವೂ ಅದರಲ್ಲಿ ಪಾಲ್ಗೊಂಡರು. ಮೆಕ್ಸಿಕನ್ ಕ್ಯಾಥೊಲಿಕರಲ್ಲಿ ಮಗುವಿನ ದೀಕ್ಷಾಸ್ನಾನದ ವೇಳೆ ಅದರ ಹೊಣೆ ಹೊರುವ ಧರ್ಮತಂದೆ ಧರ್ಮತಾಯಿಯರಿಗೂ ಹೆತ್ತವರಿಗೂ ನಡುವೆ ಏರ್ಪಡುವ ‘ಕೊಂಪಾದ್ರೆ’ ಸಂಬಂಧ ರಕ್ತಸಂಬಂಧದಷ್ಟೇ ಗಟ್ಟಿಯಾದುದು. ಧರ್ಮಶಾಸನದ ಪ್ರಕಾರ ಧರ್ಮತಂದೆ ಕ್ಯಾಥೊಲಿಕನಾಗಿರಬೇಕು. ಆದರೆ ಇಂಪೀರಿಯಲ್ ಕಣಿವೆಯಲ್ಲಿ ಒಬ್ಬ ಪಂಜಾಬಿಯ ಮಗುವಿಗೆ ಇನ್ನೊಬ್ಬ ಪಂಜಾಬಿಯೇ ಧರ್ಮತಂದೆಯಾಗಿ ನಿಂತನು, ದೀಕ್ಷಾಸ್ನಾನದ ದಫ್ತರದಲ್ಲಿ ಅವನ ಹೆಸರು ಸ್ಪ್ಯಾನಿಷ್ ರೂಪ ತಾಳಿ ಕುಳಿತಿತು. ಸಾವಿನಲ್ಲಿ ಮಾತ್ರ ದಾರಿಗಳು ಬೇರೆಯಾದವು. ಸಿಖ್ ಗಂಡನಿಗೆ ದಹನ, ಕ್ಯಾಥೊಲಿಕ್ ಹೆಂಡತಿಗೆ ಮೆಕ್ಸಿಕನ್ನರ ಸ್ಮಶಾನಭೂಮಿಯಲ್ಲಿ ಸಮಾಧಿ. ಒಬ್ಬರ ಸಾವಿನ ವಿಧಿಯನ್ನು ಇನ್ನೊಬ್ಬರು ಗೌರವಿಸಿದ್ದೇ ಈ ದಾಂಪತ್ಯಗಳ ಪ್ರಾಮಾಣಿಕತೆಗೆ ದೊಡ್ಡ ಸಾಕ್ಷಿಯೆಂದು ನನ್ನ ಭಾವನೆ.

ಈಗ ಮೂಲಪ್ರಶ್ನೆಗೆ ಬರೋಣ. ಈ ಮನೆಗಳ ಮಕ್ಕಳು ಬಹುಪಾಲು ಕ್ಯಾಥೊಲಿಕರಾಗಿ ಬೆಳೆದರು. ಅವರ ಹೆಸರುಗಳನ್ನು ನೋಡಿದರೆ ಮೊದಲ ಭಾಗದಲ್ಲಿ ಮಾರಿಯಾ, ಹೋಸೆ ಮುಂತಾದ ಸಂತರ ನಾಮಗಳು, ಕೊನೆಯಲ್ಲಿ ಸಿಂಗ್. ಖಾಲ್ಸಾ ದೀಕ್ಷೆಯ ಸಂಕೇತವಾಗಿ ಗಂಡಿಗೆ ಸಿಂಗ್, ಹೆಣ್ಣಿಗೆ ಕೌರ್ ಎಂದಿರುವ ನಿಯಮ ಇಲ್ಲಿ ಕಾಣುವುದಿಲ್ಲ. ಅಮೆರಿಕದ ಕಚೇರಿಗಳ ಕೈಯಲ್ಲಿ ಸಿಂಗ್ ಒಂದು ಮನೆತನದ ಉಪನಾಮವಾಗಿ ಹೆಣ್ಣುಮಕ್ಕಳಿಗೂ ಅಂಟಿತು. ಶಾಸನಗಳಲ್ಲಿ ಬರುವ ವ್ಯಕ್ತಿನಾಮಗಳಿಂದ ಮತ, ಕುಲ, ಪ್ರದೇಶಗಳನ್ನು ಊಹಿಸುವ ನಮ್ಮಂಥವರಿಗೆ ಇದೊಂದು ಎಚ್ಚರಿಕೆ. ಈ ಮಕ್ಕಳ ಇಗರ್ಜಿಯ ದಫ್ತರಗಳಲ್ಲಿ ಸಿಂಗ್ ಎಂದರೆ ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕ್ ಮಗು. ಹೆಸರು ಉಳಿಯಿತು, ಹೆಸರಿನ ಹಿಂದಿದ್ದ ಮತ ಉಳಿಯಲಿಲ್ಲ.

ಏಕೆ ಉಳಿಯಲಿಲ್ಲ? ಗುರುದ್ವಾರವಿರಲಿಲ್ಲವೆ? 1912ರಲ್ಲಿಯೇ ಸ್ಟಾಕ್ಟನ್‌ನಲ್ಲಿ ಗುರುದ್ವಾರ ಸ್ಥಾಪಿತವಾಗಿತ್ತು; ಇಂಪೀರಿಯಲ್ ಕಣಿವೆಗೆ ಅದು ನೂರಾರು ಮೈಲಿ ದೂರ, ಕಣಿವೆಯ ಎಲ್ ಸೆಂಟ್ರೊದಲ್ಲಿ ಗುರುದ್ವಾರವಾಗುವ ಹೊತ್ತಿಗೆ 1940ರ ದಶಕ ಮುಗಿಯುತ್ತ ಬಂದಿತ್ತು. ದೂರ ಒಂದು ಕಾರಣವೇ. ಪಂಜಾಬಿ ಭಾಷೆ ಸತ್ತಿತ್ತೆ? ಇಲ್ಲ. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ‘ಗದರ್’ ಪತ್ರಿಕೆ ಉರ್ದುವಿನಲ್ಲಿಯೂ ಗುರುಮುಖಿಯಲ್ಲಿಯೂ ಪ್ರಕಟವಾಗುತ್ತಿತ್ತು. ಕ್ರಾಂತಿಕಾರಿ ಪಂಜಾಬಿ ಕವಿತೆಗಳು ಹೊಲದ ಬಿಡಾರಗಳಲ್ಲಿ ಹಾಡಾಗಿದ್ದವು. ಕ್ಯಾಲಿಫೋರ್ನಿಯಾದ ಪಂಜಾಬಿ ಆ ಕಾಲದಲ್ಲಿ ಅತ್ಯಂತ ಜೀವಂತವಾದ, ರಾಜಕೀಯ ಕಾವುಳ್ಳ ಭಾಷೆ. ಆದರೆ ಅದು ಗಂಡಸರ ಭಾಷೆ. ಬಿಡಾರದಲ್ಲಿ, ಸಭೆಯಲ್ಲಿ, ಗುರುದ್ವಾರದ ಅಂಗಳದಲ್ಲಿ ಮೊಳಗಿದ ನುಡಿ ತೊಟ್ಟಿಲ ಬಳಿಗೆ ಬರಲಿಲ್ಲ. ಹೊಲದಲ್ಲಿ ಮೆಕ್ಸಿಕನ್ ಕೂಲಿಗಳೊಡನೆ ಮಾತಾಡಿ ಕಲಿತ ಸ್ಪ್ಯಾನಿಷನ್ನೇ ಗಂಡ ಮನೆಯಲ್ಲೂ ಆಡಿದ. ಹೆಂಡತಿ ಅಡುಗೆಗೆ ಬೇಕಾದಷ್ಟು ಪಂಜಾಬಿ ಪದಗಳನ್ನು ಕಲಿತಳು. ಮಕ್ಕಳಿಗೆ ತಾಯಿಯಿಂದ ಸ್ಪ್ಯಾನಿಷ್, ಶಾಲೆಯಿಂದ ಇಂಗ್ಲಿಷ್ ಬಂದವು. ತಂದೆಯ ಧರ್ಮಗ್ರಂಥ ಅವರು ಓದಲಾರದ ಲಿಪಿಯಲ್ಲಿತ್ತು, ಅವರು ಕೇಳಿ ತಿಳಿಯಲಾರದ ನುಡಿಯಲ್ಲಿತ್ತು.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಆಗಿನ ಕ್ಯಾಥೊಲಿಕ್ ಬಲಿಪೂಜೆಯೂ ಸ್ಪ್ಯಾನಿಷ್‌ನಲ್ಲಿರಲಿಲ್ಲವಲ್ಲ, ಲ್ಯಾಟಿನ್ನಿನಲ್ಲಿತ್ತಲ್ಲ? ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ, ಅಂದರೆ 1960ರ ದಶಕದವರೆಗೆ, ಮಕ್ಕಳು ತಿಳಿಯದ ಭಾಷೆಯಲ್ಲೇ ಪೂಜೆ ಕೇಳಿದರು. ಗುರುಮುಖಿ ಅಡ್ಡಿಯಾದರೆ ಲ್ಯಾಟಿನ್ ಏಕೆ ಅಡ್ಡಿಯಾಗಲಿಲ್ಲ? ಆಕ್ಷೇಪ ಗಟ್ಟಿಯಾದುದು, ಉತ್ತರವೂ ಅದರಲ್ಲೇ ಇದೆ. ಮತ ಮಗುವಿಗೆ ಬರುವುದು ವೇದಿಕೆಯ ಭಾಷೆಯಿಂದಲ್ಲ. ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆ, ಜಪಮಾಲೆಯ ಮಣಿಯೊಂದಿಗೆ ಹೇಳುವ ಮಾತು, ಸಂತರ ಕತೆ, ಹಬ್ಬದ ಹಾಡು, ತಪ್ಪು ಮಾಡಿದಾಗಿನ ಬೈಗುಳ, ಜ್ವರ ಬಂದಾಗಿನ ಹರಕೆ ಇವೆಲ್ಲ ಮನೆಯ ನುಡಿಯಲ್ಲಿದ್ದವು. ಲ್ಯಾಟಿನ್ ಪೂಜೆಗೆ ಸ್ಪ್ಯಾನಿಷ್ ಅಂಗಳವೊಂದಿತ್ತು. ಗುರುಬಾಣಿಗೆ ಆ ಮನೆಯಲ್ಲಿ ಅಂಗಳವೇ ಇರಲಿಲ್ಲ. ಪಂಜಾಬಿನಲ್ಲಿದ್ದಿದ್ದರೆ ಅಜ್ಜಿ, ಸೋದರತ್ತೆ, ದೊಡ್ಡಮ್ಮಂದಿರ ಬಾಯಲ್ಲಿ ಆ ಅಂಗಳ ತಾನಾಗಿ ದೊರೆಯುತ್ತಿತ್ತು. ಅವರು ಹಡಗು ಹತ್ತದಂತೆ ತಡೆದದ್ದು 1917ರ ಕಾಯಿದೆ. ಆದುದರಿಂದ ಸಿಖ್ ಮತ ಆ ಮನೆಗಳಲ್ಲಿ ಕ್ಷೀಣಿಸಿದ್ದಕ್ಕೆ ಕ್ಯಾಥೊಲಿಕ್ ಹೆಂಡತಿ ಕಾರಣಳಲ್ಲ. ಪಂಜಾಬಿ ಹೆಂಗಸರನ್ನು ಹೊರಗಿಟ್ಟ ಕಾನೂನು ಕಾರಣ, ಹೊಲದ ದುಡಿಮೆಯಲ್ಲಿ ಮಕ್ಕಳಿಗೆ ತನ್ನ ನುಡಿಯನ್ನು ಕೊಡಲು ಬಿಡುವು ಮಾಡಿಕೊಳ್ಳದ ತಂದೆಯೂ ಸ್ವಲ್ಪಮಟ್ಟಿಗೆ ಕಾರಣ.

ನುಡಿಗೆ ನಾನು ಹೆಚ್ಚಿನ ಹೊರೆ ಹೊರಿಸುತ್ತಿದ್ದೇನೆಯೆ? ಭಾಷೆ ಉಳಿದರೆ ಮತ ಉಳಿದೇ ತೀರುತ್ತದೆಂದು ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಕೊಂಕಣಿ ಹಿಂದೂಗಳ ಮನೆಮಾತೂ ಹೌದು, ಮಂಗಳೂರಿನ ಕ್ಯಾಥೊಲಿಕರ ಮನೆಮಾತೂ ಹೌದು. ಮತ ಬದಲಾಗಿಯೂ ನುಡಿ ಉಳಿದ ನಿದರ್ಶನ ನಮ್ಮ ಪಕ್ಕದಲ್ಲೇ ಇದೆ. ನಾನು ಹೇಳುತ್ತಿರುವುದು ಇದರ ವಿಲೋಮವನ್ನು: ನುಡಿ ಮನೆಯೊಳಗೆ ಬಾರದಿದ್ದರೆ, ಆ ನುಡಿಯಲ್ಲಿ ನೆಲೆಸಿದ ಮತ ಹೆಸರಾಗಿ ಮಾತ್ರ ಉಳಿಯುತ್ತದೆ. ಭಾಷೆ ಸಾಕಾಗುವ ಕಾರಣವಲ್ಲ, ಆದರೆ ಬೇಕೇಬೇಕಾದ ಕಾರಣ.

ಈ ಹಿನ್ನೆಲೆಯಲ್ಲಿ ಇಂದಿನ ನಿಯಮಗಳನ್ನು ನೋಡಬೇಕು. ಕ್ಯಾಥೊಲಿಕ್ ಧರ್ಮಶಾಸನದ ಪ್ರಕಾರ ದೀಕ್ಷಾಸ್ನಾನ ಪಡೆಯದವರೊಡನೆ ಮದುವೆಯಾಗಲು ಬಿಷಪರ ವಿನಾಯಿತಿ ಬೇಕು. 1917ರ ಸಂಹಿತೆ ಮಕ್ಕಳನ್ನು ಕ್ಯಾಥೊಲಿಕರಾಗಿಯೇ ಬೆಳೆಸುವ ವಚನವನ್ನು ಇಬ್ಬರಿಂದಲೂ ಕೇಳುತ್ತಿತ್ತು. ಆರನೆಯ ಪೌಲರು 1970ರಲ್ಲಿ ಹೊರಡಿಸಿದ ಆದೇಶ ಮತ್ತು 1983ರ ಸಂಹಿತೆ ಇದನ್ನು ಸಡಿಲಿಸಿದವು. ಈಗ ವಚನ ಕೊಡಬೇಕಾದವರು ಕ್ಯಾಥೊಲಿಕ್ ಸಂಗಾತಿ ಮಾತ್ರ, ಅದೂ ತಮ್ಮ ಶಕ್ತಿ ಮೀರದಷ್ಟು ಪ್ರಯತ್ನಿಸುವೆನೆಂಬ ವಚನ. ಇನ್ನೊಬ್ಬರಿಗೆ ಅದನ್ನು ತಿಳಿಸಬೇಕು. ಆದರೆ ಸಮ್ಮತಿಯನ್ನು ಮತ್ತೊಮ್ಮೆ ಪಡೆಯುವ ಇನ್ನೊಂದು ಧಾರ್ಮಿಕ ವಿಧಿಯನ್ನು ಮುಂಚೆಯಾಗಲಿ ಅನಂತರವಾಗಲಿ ನಡೆಸಕೂಡದು. ಸಿಖ್ಖರ ಕಡೆ, ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1936ರಲ್ಲಿ ಅಂಗೀಕರಿಸಿ 1945ರಲ್ಲಿ ಪರಿಷ್ಕರಿಸಿದ ರೆಹತ್ ಮರ್ಯಾದೆ, ಸಿಖ್ಖರಲ್ಲದವರಿಗೆ ಆನಂದ್ ವಿಧಿಯಿಂದ ಮದುವೆ ಮಾಡಿಸುವಂತಿಲ್ಲ ಎನ್ನುತ್ತದೆ. 2007ರಲ್ಲಿ ಅಕಾಲ್ ತಖ್ತ್ ಈ ಬಗ್ಗೆ ಸಂದೇಶ ಹೊರಡಿಸಿ, ಆನಂದ್ ಕಾರಜ್ ಬಯಸುವ ಸಿಖ್ಖೇತರರು ಅಧಿಕೃತ ದಾಖಲೆಗಳಲ್ಲಿ ಸಿಂಗ್ ಅಥವಾ ಕೌರ್ ಎಂಬ ಹೆಸರನ್ನು ಸೇರಿಸಿಕೊಳ್ಳಬೇಕೆಂದು ಸೂಚಿಸಿತು. ಬ್ರಿಟನ್ನಿನಲ್ಲಿ ಇಂಥ ಮದುವೆಗಳ ವಿರುದ್ಧ ಪ್ರತಿಭಟನೆಗಳು ನಡೆದು, 2016ರ ಸೆಪ್ಟೆಂಬರಿನಲ್ಲಿ ಲೆಮಿಂಗ್ಟನ್ ಸ್ಪಾದ ಗುರುದ್ವಾರದಲ್ಲಿ 50ಕ್ಕೂ ಹೆಚ್ಚು ಜನರ ಬಂಧನವಾಯಿತು.

ಎರಡೂ ಧರ್ಮಗಳ ನಿಲುವಿನಲ್ಲಿ ಒಪ್ಪತಕ್ಕ ಅಂಶವೊಂದಿದೆಯೆಂಬುದನ್ನು ಮರೆಯಬಾರದು. ಮದುವೆ ದಂಪತಿಗಳದು, ಆದರೆ ವಿಧಿ ಸಮುದಾಯದ್ದು. ಕ್ಯಾಥೊಲಿಕ್ ವಿವಾಹದ ತಿರುಳು ಇಬ್ಬರೂ ಬಾಯಿಬಿಟ್ಟು ಹೇಳುವ ಸಮ್ಮತಿ. ಆನಂದ್ ಕಾರಜ್‌ನಲ್ಲಿ ವಧೂವರರು ಪರಸ್ಪರ ಪ್ರತಿಜ್ಞೆ ಹೇಳುವುದಿಲ್ಲ. ಗುರು ರಾಮದಾಸರು ರಚಿಸಿದ ನಾಲ್ಕು ಲಾವಾಂಗಳ ಪಠನ ಗಾಯನಗಳ ನಡುವೆ ಗ್ರಂಥಕ್ಕೆ ತಲೆಬಾಗಿ, ಅದರ ಸುತ್ತ ನಡೆಯುತ್ತಾರೆ. ನಡಿಗೆಯೇ ಅಲ್ಲಿ ಮಾತು. ಗ್ರಂಥವನ್ನು ಗುರುವೆಂದು ಒಪ್ಪದವರು ಆ ನಡಿಗೆಯನ್ನು ನಡೆದರೆ ಅದು ಸುಳ್ಳಾಡಿದಂತಲ್ಲವೆ ಎಂದು ಶ್ರದ್ಧಾವಂತ ಸಿಖ್ಖರೊಬ್ಬರು ಕೇಳಿದರೆ, ಆ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಉದಾರವಾದಿಗಳಿಗೂ ಶೋಭಿಸುವುದಿಲ್ಲ. ಫೋಟೋಗಳ ಚೆಲುವಿಗಾಗಿ ಎರಡು ವಿಧಿಗಳನ್ನು ಬೆನ್ನುಬೆನ್ನಿಗೆ ನಡೆಸುವುದು ಎರಡನ್ನೂ ಗೌರವಿಸಿದಂತಲ್ಲ.

ಆದರೆ ಈ ನಿಯಮಗಳನ್ನು ಸಮರ್ಥಿಸುವವರು ವಿಧಿಯ ಪಾವಿತ್ರ್ಯದ ವಾದಕ್ಕೆ ನಿಲ್ಲುವುದಿಲ್ಲ. ಮುಂದಿನ ಪೀಳಿಗೆಯ ರಕ್ಷಣೆಯ ವಾದವನ್ನೂ ಹೂಡುತ್ತಾರೆ. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಹೆಸರಿನಿಂದ ಪೀಳಿಗೆ ಉಳಿಯುತ್ತದೆಯೆಂದರೆ ಇಂಪೀರಿಯಲ್ ಕಣಿವೆಯ ಮಕ್ಕಳೆಲ್ಲ ಸಿಖ್ಖರಾಗಿರಬೇಕಿತ್ತು. ಅವರೆಲ್ಲರಿಗೂ ಆ ಹೆಸರು ಹುಟ್ಟಿನಿಂದಲೇ ಇತ್ತು. ವಯಸ್ಕ ವ್ಯಕ್ತಿಯ ಪಾಸ್‌ಪೋರ್ಟಿನಲ್ಲಿ ಒಂದು ಪದವನ್ನು ಸೇರಿಸುವುದರಿಂದ ಗುರುಬಾಣಿಯ ಒಂದು ಪಂಕ್ತಿಯೂ ಮಗುವಿನ ಕಿವಿಗೆ ಬೀಳುವುದಿಲ್ಲ. ಕ್ಯಾಥೊಲಿಕ್ ವಚನಕ್ಕೂ ಇದೇ ಮಾತು ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ತಾಯಂದಿರು ಯಾವ ಬಿಷಪರಿಗೂ ವಚನ ಕೊಟ್ಟು ಮದುವೆಯಾದವರಲ್ಲ; ಅವರ ಮದುವೆಗಳೇ ಸಿಂಧುವಲ್ಲ. ಆದರೂ ಅವರ ಮಕ್ಕಳು ಕ್ಯಾಥೊಲಿಕರಾದರು. ಹೆಸರಿದ್ದ ಕಡೆ ಮತ ಹೋಯಿತು, ವಚನವಿಲ್ಲದ ಕಡೆ ಮತ ಬಂತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಚರಿತ್ರೆ ಅಪರೂಪಕ್ಕೆ ಒದಗಿಸುತ್ತದೆ.

ಹಾಗಾದರೆ ಈ ಮದುವೆಗಳನ್ನು ಆದರ್ಶವೆಂದು ಕೊಂಡಾಡಬೇಕೆ? ಕೆಲವು ಬರಹಗಳು ರೊಟ್ಟಿ ಮತ್ತು ಟೋರ್ಟಿಯಾಗಳ ಸಾಮ್ಯವನ್ನು ತೋರಿಸಿ, ಇದೊಂದು ಸಿಹಿಯಾದ ಸಂಸ್ಕೃತಿ ಸಂಗಮವೆಂದು ಬಣ್ಣಿಸುತ್ತವೆ. ಅದೂ ಅರ್ಧಸತ್ಯ. ಮತಾಂತರವಿಲ್ಲದ ಮದುವೆ ತಾನಾಗಿಯೇ ಸಮಾನವಾದ ಮದುವೆಯಾಗುವುದಿಲ್ಲ. ಇಲ್ಲಿ ತಂದೆಯ ಪರಂಪರೆ ಸದ್ದಿಲ್ಲದೆ ಕರಗಿತು. ತಾಯಿ ಕಾನೂನಿನ ಕಣ್ಣಿನಲ್ಲಿ ದೇಶವನ್ನೇ ಕಳೆದುಕೊಂಡ ಸಂದರ್ಭಗಳಿದ್ದವು. ಪಂಜಾಬಿನಲ್ಲಿ ಮೊದಲೇ ಮದುವೆಯಾಗಿ ಬಂದಿದ್ದವರ ಹೆಂಡಂದಿರು ಅಲ್ಲಿ ಗಂಡನ ಪತ್ರಕ್ಕೂ ಹಣಕ್ಕೂ ಕಾದು ಮುದುಕಿಯರಾದರು. ಈ ಕತೆಯನ್ನು ಹೇಳುವವರು ಅವರನ್ನು ನೆನೆಯುವುದೇ ಇಲ್ಲ. 1946ರ ಕಾಯಿದೆ ಭಾರತೀಯರಿಗೆ ಪೌರತ್ವವನ್ನೂ ವರ್ಷಕ್ಕೆ 100 ಜನರ ವಲಸೆಯನ್ನೂ ಅನುಮತಿಸಿದ ಮೇಲೆ, ವಿಶೇಷವಾಗಿ 1965ರ ಅನಂತರ, ಪಂಜಾಬಿನಿಂದ ಇಡೀ ಕುಟುಂಬಗಳು ಬಂದವು. ಹೊಸಬರ ಕಣ್ಣಿಗೆ ಸ್ಪ್ಯಾನಿಷ್ ಮಾತಾಡುವ ಕ್ಯಾಥೊಲಿಕ್ ಸಿಂಗರು ತಮ್ಮವರಾಗಿ ಕಾಣಲಿಲ್ಲ. ತಂದೆಯ ನೆನಪಿನಿಂದ ತಮ್ಮನ್ನು ‘ಹಿಂದೂ’ಗಳೆಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಿದ್ದ ಆ ಮಕ್ಕಳಿಗೆ ತಂದೆಯ ಜನರೇ ಅಪರಿಚಿತರಾದರು. ಈ ನೋವಿಗೆ ಮದುವೆ ಕಾರಣವಲ್ಲ, ಮುರಿದ ಮಾತು ಕಾರಣ.

ಸಮಾನತೆ ಇಲ್ಲದಿರುವುದನ್ನು ಸರಿಪಡಿಸಲು ಮತಾಂತರವನ್ನೇ ಷರತ್ತಾಗಿಸುವುದು ಮದ್ದಲ್ಲ. ಅದು ಒಬ್ಬರಿಂದ ಎಲ್ಲವನ್ನೂ ಮೊದಲೇ ಕಸಿದುಕೊಳ್ಳುವ ಕ್ರಮ. ಮದ್ದು ಮನೆಯೊಳಗಿದೆ. ಇಂದು ಕ್ಯಾಥೊಲಿಕ್ ಮತ್ತು ಸಿಖ್ ಯುವಜನರು ಮದುವೆಯಾಗಲು ಬಯಸಿದರೆ ಭಾರತದಲ್ಲಿ 1954ರ ವಿಶೇಷ ವಿವಾಹ ಕಾಯಿದೆಯಿದೆ. ಒಬ್ಬರು ಕ್ರೈಸ್ತರಾಗಿದ್ದರೂ ಸಾಕೆನ್ನುವ 1872ರ ಕ್ರೈಸ್ತ ವಿವಾಹ ಕಾಯಿದೆಯೂ ಇದೆ. ವಿಧಿಯ ಬಗ್ಗೆ ಧರ್ಮಗಳು ತಮ್ಮ ಗಡಿಯನ್ನು ಕಾಯ್ದುಕೊಳ್ಳಲಿ. ಆದರೆ ನಾಗರಿಕ ವಿವಾಹವಾದ ದಂಪತಿಗಳಿಗೆ ಮದುವೆಯ ಮರುದಿನ ಗುರುದ್ವಾರದ ಲಂಗರಿನಲ್ಲಿ ಪಂಕ್ತಿಯೂ ಇಗರ್ಜಿಯ ಬೆಂಚಿನಲ್ಲಿ ಜಾಗವೂ ಇರಲಿ. ಮಗು ಹುಟ್ಟಿದ ಮೇಲೆ ಕೇಳಬೇಕಾದ ಪ್ರಶ್ನೆ ಅದರ ಹೆಸರಿನ ಕೊನೆಯಲ್ಲಿ ಏನಿದೆ ಎಂಬುದಲ್ಲ, ಎರಡೂ ಕಡೆಯ ಅಜ್ಜಿಯರ ಮಾತು ಅದಕ್ಕೆ ತಿಳಿಯುತ್ತದೆಯೆ ಎಂಬುದು. ಗುರುದ್ವಾರಗಳು ಮದುವೆಯನ್ನು ತಡೆಯಲು ವ್ಯಯಿಸುವ ಶಕ್ತಿಯ ಒಂದಂಶವನ್ನು ಮಿಶ್ರ ಕುಟುಂಬಗಳ ಮಕ್ಕಳಿಗೆ ಗುರುಮುಖಿ ಕಲಿಸಲು ವ್ಯಯಿಸಿದರೆ, ಅವು ಭಯಪಡುವ ನಷ್ಟ ಬಹುಮಟ್ಟಿಗೆ ತಪ್ಪೀತು. ಆ ಮಗು ದೊಡ್ಡದಾಗಿ ಯಾವ ದಾರಿಯನ್ನು ಹಿಡಿದರೂ ಅದು ತಿಳಿದು ಹಿಡಿದ ದಾರಿಯಾಗುತ್ತದೆ.

ಕೊನೆಯದಾಗಿ ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಮಾತು. ಅಂತರ್ಧರ್ಮೀಯ ವಿವಾಹದ ಅಧ್ಯಯನವೆಂದರೆ ಗ್ರಂಥಗಳಲ್ಲಿ ವಿಧಿನಿಷೇಧಗಳನ್ನು ಹುಡುಕುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮದುವೆಯ ಪರವಾನಗಿ, ದೀಕ್ಷಾಸ್ನಾನದ ದಫ್ತರ, ವಿಚ್ಛೇದನದ ಕಡತ, ಸಮಾಧಿಯ ಕಲ್ಲು, ಅಡುಗೆಮನೆಯ ಪದಕೋಶ ಇವು ಗ್ರಂಥಗಳಷ್ಟೇ ಪ್ರಮಾಣವುಳ್ಳ ಪಠ್ಯಗಳು. ಅವುಗಳಲ್ಲಿ ಗಂಡಸರ ಹೆಸರು ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಆ ಮನೆಗಳಲ್ಲಿ ಯಾವ ಮತ ಉಳಿಯಿತೆಂಬುದನ್ನು ನಿರ್ಧರಿಸಿದ್ದು, ತನ್ನ ಮಾತಿನಲ್ಲಿ ಮಗುವನ್ನು ಮಲಗಿಸಿದ, ದಾಖಲೆಗಳು ಹೆಚ್ಚು ಬರೆದಿಡದ ಆ ಹೆಂಗಸು. ಅವಳ ಮಾತನ್ನು ಹುಡುಕಿ ಕೇಳುವ ತನಕ ಈ ವಿಷಯದಲ್ಲಿ ನಮ್ಮ ಯಾವ ತೀರ್ಪೂ ಪೂರ್ಣವೆನಿಸಲಾರದು.